ಹನ್ನೊಂದನೇ ಠಾಣೆಯ ಚೀಟಿ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲುಗಳು ಬಲಕ್ಕೆ ಹೋಗುತ್ತಾ ಮೇಲಕ್ಕೆ ಹತ್ತುತ್ತವೆ, ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತವೆ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ದೊಡ್ಡ ಮಾತುಗಳು ಬರುವುದಿಲ್ಲ. ಈ ಹಾಳೆಗಳನ್ನು ನಾಲ್ಕು ಸಲ ಬರೆದಿದ್ದೇನೆ. ಆದರೂ ತಪ್ಪುಗಳಿದ್ದರೆ ಅವು ನನ್ನವು, ಅತ್ತೆಯವಲ್ಲ. ನಮ್ಮ ಪತ್ರಿಕೆಗೆ ಬರುವ ಪ್ರತಿಯೊಂದನ್ನೂ ತಿದ್ದುವವರು ಅತ್ತೆ. ಇದೊಂದನ್ನು ಮಾತ್ರ ಅವರಿಗೆ ಕೊಟ್ಟಿಲ್ಲ. ಅವರ ಬಗ್ಗೆಯೇ ಬರೆದದ್ದನ್ನು ಅವರ ಕೈಯಲ್ಲೇ ತಿದ್ದಿಸುವುದು ಹೇಗೆ?

ಬರೆಯಲು ಹೇಳಿದವರು ಸಂಪಾದಕರು. "ಹನ್ನೊಂದನೇ ಠಾಣೆ ಚೀಟಿ ಯಾಕೆ ವಾಪಸ್ ಬಂತು, ವಾಪಸ್ ತಂದ ಹೆಂಗಸು ಯಾರು ಅಂತ ಓದುಗರು ಕೇಳ್ತಾನೇ ಇದಾರೆ. ನೀನೇ ಬರಿಯಮ್ಮ, ಜೊತೇಲಿರೋಳು ನೀನು" ಎಂದರು. ನಾನು ಆಗುವುದಿಲ್ಲ ಎಂದು ತಲೆಯಾಡಿಸಿದೆ. ಅವರು ಒಪ್ಪಿಗೆ ಎಂದುಕೊಂಡು ಕನ್ನಡಕ ಒರೆಸುತ್ತಾ ಹೊರಟುಹೋದರು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಅಪ್ಪನಿಗೆ ನಾಲ್ಕು ವರ್ಷವಾಗಿದ್ದಾಗ ಅವರ ಅಮ್ಮ ತೀರಿಕೊಂಡರಂತೆ. ಅತ್ತೆಗೆ ಆಗ ಹದಿನೈದು. ಅಪ್ಪನಿಗೆ ಊಟ ಮಾಡಿಸಿದ್ದು, ಶರ್ಟಿನ ಗುಂಡಿ ಹಾಕಲು ಕಲಿಸಿದ್ದು, ಗಡಿ ಕಾವಲು ಪಡೆಗೆ ಸೇರುವ ದಿನ ಬೂಟಿನ ಲೇಸು ಕಟ್ಟಿದ್ದು ಎಲ್ಲ ಅವರೇ. ನನ್ನ ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಹೋದರು. ಅಪ್ಪ ಗಡಿಯಲ್ಲಿ. ಹಾಗಾಗಿ ನಾನೂ ಅತ್ತೆಯ ಪಾಲಿಗೇ ಬಂದೆ. ಮನೆಯಲ್ಲಿ ಮೂರು ಕುರ್ಚಿಗಳಿವೆ. ಮೂರನೆಯದರ ಮೇಲೆ ಯಾರೂ ಕೂರುವುದಿಲ್ಲ, ಬಟ್ಟೆಯನ್ನೂ ಇಡುವುದಿಲ್ಲ.

ಶಾಲೆಯಲ್ಲಿ ಗಟ್ಟಿಯಾಗಿ ಓದು ಎಂದಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು. ಹುಡುಗಿಯರು ನಗುತ್ತಿದ್ದರು. ಒಂದು ದಿನ ಎದ್ದು ಬಂದವಳು ಮತ್ತೆ ಹೋಗಲಿಲ್ಲ. ಅತ್ತೆ ಬೈಯಲಿಲ್ಲ. "ಮನೇಲಿ ಒಬ್ಳೇ ಇದ್ದು ಏನ್ಮಾಡ್ತೀಯಾ? ಬಾ ನನ್ ಜೊತೆ. ಅಲ್ಲಿ ಯಾರೂ ಗಟ್ಟಿಯಾಗಿ ಓದು ಅನ್ನಲ್ಲ" ಎಂದರು.

ಪತ್ರಿಕೆಯ ಕಚೇರಿ ಕಬ್ಬಿಣದ ಸಾಮಾನಿನ ಅಂಗಡಿಯ ಮೇಲಿದೆ. ಎರಡೇ ಕೋಣೆ. ಹಿಂದಿನ ಕೋಣೆಯಲ್ಲಿ ಅತ್ತೆ ಪ್ರೂಫ್ ನೋಡುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅದೇ ಕುರ್ಚಿ, ಅದೇ ಕಿಟಕಿ. ಕಿಟಕಿಯ ಆಚೆ ಪಕ್ಕದ ಕಟ್ಟಡದ ಗೋಡೆ. ಕಚೇರಿಯಲ್ಲಿ ಅವರಿಗೆ ಸೂಜಿಗಣ್ಣು ಎಂದು ಹೆಸರು. ಪುಟ ಜೋಡಿಸುವವನನ್ನು ಎಲ್ಲರೂ ಪುಟದಣ್ಣ ಎನ್ನುತ್ತಾರೆ. "ಅಕ್ಕಾ, ನಿಮ್ ಕೈಗೆ ಸಿಕ್ಕಿದ್ರೆ ಹಣೆಬರಹಾನೂ ತಿದ್ದಿ ವಾಪಸ್ ಕಳಿಸ್ತೀರ" ಎಂದು ಅವನು ರೇಗಿಸುತ್ತಾನೆ. ಅತ್ತೆ ತಲೆ ಎತ್ತದೆ, "ನಿನ್ನ ಹಣೆಬರಹ ಜೋಡಿಸಿದ್ದು ನೀನೇ ಇರ್ಬೇಕು, ಅಷ್ಟೊಂದು ತಪ್ಪು" ಎನ್ನುತ್ತಾರೆ.

ಮುಂದಿನ ಕೋಣೆಯ ಗೋಡೆಯಲ್ಲಿ ಒಂದು ದೊಡ್ಡ ಹಲಗೆ ಇದೆ. ನಮ್ಮ ಊರಿನವರು ಪತ್ರಿಕೆ ಕೊಳ್ಳುವುದೇ ಅದಕ್ಕಾಗಿ ಎಂದು ಸಂಪಾದಕರು ಹೇಳುತ್ತಾರೆ. ಹಲಗೆಯಲ್ಲಿ ಮೂರು ಸಾಲು ಮೊಳೆಗಳು. ಕೆಳಗಿನ ಸಾಲಿಗೆ 'ಹೇಳಿದ್ದಾರೆ', ನಡುವಿನ ಸಾಲಿಗೆ 'ನಡೆಯುತ್ತಿದೆ', ಎಲ್ಲಕ್ಕಿಂತ ಮೇಲಿನದಕ್ಕೆ 'ಆಗಿದೆ' ಎಂದು ಬರೆದಿದೆ. ಅಧಿಕಾರದಲ್ಲಿರುವವರು ಕೊಟ್ಟ ಒಂದೊಂದು ಮಾತಿಗೂ ಒಂದೊಂದು ರಟ್ಟಿನ ಚೀಟಿ. ಕೆಲಸ ಮುಂದುವರಿದ ಹಾಗೆ ಚೀಟಿ ಮೇಲೆ ಹೋಗುತ್ತದೆ. ಪ್ರತಿ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಪುಟದಣ್ಣ ಹಲಗೆಯ ಫೋಟೋ ತೆಗೆದು ಕೊನೆಯ ಪುಟಕ್ಕೆ ಹಾಕುತ್ತಾನೆ. ಶನಿವಾರ ಪತ್ರಿಕೆ ಬರುತ್ತದೆ.

ಹಲಗೆಗೆ ಒಂದೇ ಒಂದು ನಿಯಮ. 'ಆಗಿದೆ' ಎಂಬ ಸಾಲಿಗೆ ಹೋಗಬೇಕಾದರೆ ನಮ್ಮವರೊಬ್ಬರು ಹೋಗಿ, ಕಂಡು, ಬಂದು, ಚೀಟಿಯ ಹಿಂದೆ ಬರೆದು ಸಹಿ ಮಾಡಬೇಕು. ನೀರಿನ ನಲ್ಲಿಯ ಚೀಟಿಯ ಹಿಂದೆ ಪುಟದಣ್ಣ 'ಕುಡಿದೆ, ತಣ್ಣಗಿತ್ತು' ಎಂದು ಬರೆದಿದ್ದಾನೆ. ಕಾಲುಸೇತುವೆಯ ಚೀಟಿಯ ಹಿಂದೆ ಸಂಪಾದಕರ ಕೈಬರಹವಿದೆ: 'ದಾಟಿದೆ, ಬೀಳಲಿಲ್ಲ.'

ಹನ್ನೊಂದನೇ ಠಾಣೆಯ ಚೀಟಿ ಬರೆದವರು ಅತ್ತೆ. ಮೂರು ವರ್ಷದ ಹಿಂದೆ ನಮ್ಮ ಸಂಸದರು ಸಭಾಭವನದಲ್ಲಿ ಮಾತಾಡಿದರು. ಮೈಕ್ ಇಲ್ಲದೆಯೂ ರಸ್ತೆಯವರೆಗೆ ಕೇಳಿಸುವುದರಿಂದ ಜನ ಅವರನ್ನು ಗಟ್ಟಿಗಂಟಲು ಎನ್ನುತ್ತಾರೆ. "ದೇಶದ ರಕ್ಷಣೆಗೆ, ಗಡಿ ಕಾವಲಿಗೆ ಹಣ ಕೊಡಿಸದೆ ಸದನದಿಂದ ಎದ್ದು ಬರೋನಲ್ಲ ನಾನು! ಮೇಲಿನ ಒಂದೊಂದು ಠಾಣೆಗೂ ಬೆಚ್ಚಗಿನ ಕೋಣೆ! ಮನೆಯವರ ಜೊತೆ ಮಾತಾಡೋಕೆ ಫೋನು!" ಜನ ಚಪ್ಪಾಳೆ ತಟ್ಟಿದರು. ನಾಲ್ಕನೇ ಸಾಲಿನಲ್ಲಿ ಕೂತಿದ್ದ ಅತ್ತೆ ಚಪ್ಪಾಳೆ ತಟ್ಟಲಿಲ್ಲ, ಏಕೆಂದರೆ ಅವರು ಬರೆದುಕೊಳ್ಳುತ್ತಿದ್ದರು.

ಹನ್ನೊಂದನೇ ಠಾಣೆಯಲ್ಲಿ ಅಪ್ಪನೂ ಸೇರಿ ಹದಿನಾರು ಜನ ಇದ್ದಾರೆ. ಅದು ಹಿಮದ ಬೆಟ್ಟದ ನೆತ್ತಿ. ಹೇಸರಗತ್ತೆಗಳ ಮೇಲೆ ಸಾಮಾನು ಹೋಗುತ್ತದೆ, ಅವು ಇಳಿಯುವಾಗ ಪತ್ರ ಬರುತ್ತದೆ, ತಿಂಗಳಿಗೊಂದು. ವೈರ್‌ಲೆಸ್ ಇದೆ, ಆದರೆ ಅದು ಕೆಲಸದ ಮಾತಿಗೆ ಮಾತ್ರ. ಅಪ್ಪನ ರಜೆ ಎರಡು ಸಲ ರದ್ದಾಯಿತು. ಅವನ ಧ್ವನಿ ಕೇಳಿ ಎರಡು ವರ್ಷ ದಾಟಿತ್ತು. ಮೊದಲ ಪತ್ರದಲ್ಲಿ ಅವನು ಹೀಗೆ ಬರೆದಿದ್ದ: 'ಅಕ್ಕಾ, ಇಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಹಕ್ಕಿಯೂ ಇಷ್ಟು ಮೇಲೆ ಬರುವುದಿಲ್ಲ. ಕೆಲವು ಸಲ ನನ್ನ ಧ್ವನಿ ಇದೆಯೋ ಇಲ್ಲವೋ ನೋಡಲು ನಾನೇ ಕೆಮ್ಮುತ್ತೇನೆ.'

ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅತ್ತೆ ಸಂಸದರ ಕಚೇರಿಗೆ ಫೋನ್ ಮಾಡುತ್ತಿದ್ದರು. ಎತ್ತುವವರು ಅವರ ಆಪ್ತ ಕಾರ್ಯದರ್ಶಿ. ಅವರು ಕೆಟ್ಟ ಸುದ್ದಿಯನ್ನೂ ನಗುತ್ತಲೇ ಹೇಳುವುದರಿಂದ ನಾವು ಅವರಿಗೆ ನಗುಮುಖ ಎಂದು ಹೆಸರಿಟ್ಟಿದ್ದೆವು.

"ಹನ್ನೊಂದನೇ ಠಾಣೆ ಫೋನಿನ ವಿಷಯ ಎಲ್ಲಿಗೆ ಬಂತು ಸಾರ್?"

"ಪ್ರಗತಿಯಲ್ಲಿದೆ ಮೇಡಂ. ಕಡತ ಮೇಜಿನ ಮೇಲಿದೆ."

"ಯಾರ ಮೇಜು?"

"ದೊಡ್ಡವರ ಮೇಜು."

"ಹೋದ ವಾರಾನೂ ದೊಡ್ಡವರ ಮೇಜೇ ಇತ್ತು. ಅವರು ಈ ವಾರ ಬಂದು ಅದರ ಮುಂದೆ ಕೂತಿದ್ರಾ?"

ಆ ಕಡೆ ನಗು. ಅತ್ತೆ ಬಂದ ಉತ್ತರವನ್ನು ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಸದನದಲ್ಲಿ ಹಣಕ್ಕೆ ಒಪ್ಪಿಗೆ ಸಿಕ್ಕಿದ ದಿನ ಚೀಟಿ ನಡುವಿನ ಸಾಲಿಗೆ ಹತ್ತಿತು. ಆಮೇಲೆ ಹಣ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಯಿತು, ಟೆಂಡರ್ ಆಯಿತು, ಕಂಬಗಳು ಬೆಟ್ಟದ ಬುಡದ ಪಟ್ಟಣಕ್ಕೆ ಬಂದವು, ದಾರಿಯಲ್ಲಿ ಹಿಮ ಬಿತ್ತು, ಕಂಬಗಳು ಅಲ್ಲೇ ಮಲಗಿದವು. ನೂರ ಹನ್ನೆರಡು ಸೋಮವಾರ. ಚೀಟಿ ನಡುವಿನ ಸಾಲಿನಲ್ಲೇ ಬಿಸಿಲಿಗೆ ಹಳದಿಯಾಯಿತು.

ಅತ್ತೆಯ ಕೈಚೀಲದಲ್ಲಿ ಇನ್ನೊಂದು ಕಾಗದ ಇತ್ತು. ಅದನ್ನು ನಾನು ನೋಡಬಾರದಿತ್ತು, ಆದರೆ ಬೀಗದ ಕೈ ಹುಡುಕುವಾಗ ಕಂಡುಬಿಟ್ಟೆ. ಫೋನ್ ಬಂದ ದಿನ ತಮ್ಮನಿಗೆ ಕೇಳಬೇಕಾದ್ದನ್ನೆಲ್ಲ ಪಟ್ಟಿ ಮಾಡಿದ್ದರು. 'ಹಲ್ಲುನೋವು ಹೇಗಿದೆ' ಎಂದು ಬರೆದು ಹೊಡೆದುಹಾಕಿದ್ದರು, ಹಲ್ಲು ಕೀಳಿಸಿದೆ ಎಂದು ಪತ್ರ ಬಂದಿತ್ತು. 'ಮರಿ ಶಾಲೆ ಬಿಟ್ಟದ್ದು ಹೇಗೆ ಹೇಳಲಿ' ಎಂಬುದನ್ನೂ ಹೊಡೆದುಹಾಕಿದ್ದರು. ಮರಿ ಎಂದರೆ ನಾನು. ಹೊಡೆಯದೆ ಉಳಿದಿದ್ದ ಸಾಲುಗಳು ಆರೋ ಏಳೋ. ಕೊನೆಯದು: 'ಸುಮ್ಮನೆ ಏನಾದರೂ ಮಾತಾಡು ಎನ್ನಬೇಕು.'

ಕಳೆದ ಚಳಿಗಾಲದ ಒಂದು ಸೋಮವಾರ ನಗುಮುಖ ತಾವಾಗಿಯೇ ಫೋನ್ ಮಾಡಿದರು. "ಸಿಹಿ ಸುದ್ದಿ ಮೇಡಂ. ಶುಕ್ರವಾರ ಹನ್ನೊಂದೂವರೆಗೆ ಹನ್ನೊಂದನೇ ಠಾಣೆಯಿಂದ ನಿಮಗೇ ಮೊದಲ ಕರೆ!"

ಆ ಶುಕ್ರವಾರ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಫೋನಿನಲ್ಲಿ ಯಾರಿಗೂ ಕಾಣಿಸುವುದಿಲ್ಲ ಎಂದು ಪುಟದಣ್ಣ ನಕ್ಕರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಗುಮುಖ ಒಬ್ಬ ಫೋಟೋಗ್ರಾಫರನನ್ನು ಕರೆದುಕೊಂಡು ಬಂದರು. ಕೆಳಗಿನ ಅಂಗಡಿಯವರೂ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಹನ್ನೊಂದೂವರೆಗೆ ಸರಿಯಾಗಿ ಫೋನ್ ಬಡಿಯಿತು.

"ಅಕ್ಕಾ..."

ಸಂಪಾದಕರು ಸ್ಪೀಕರ್ ಹಾಕಿದ್ದರು. ಅಪ್ಪನ ಧ್ವನಿ! ಸ್ವಲ್ಪ ಒರಟಾಗಿತ್ತು, ಆದರೆ ಅಪ್ಪನದೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಗದ್ದಲದಲ್ಲಿ ಕೇಳಿಸದೆ ಅತ್ತೆ ಸ್ಪೀಕರ್ ಆರಿಸಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದರು. ಇನ್ನೊಂದು ಕೈಯಲ್ಲಿ ಆ ಪಟ್ಟಿ ಇತ್ತು.

ಆಗ ನಾನು ಮಾಡಿದ್ದು ಯಾರೂ ಹೇಳಿಕೊಟ್ಟದ್ದಲ್ಲ. ನನ್ನ ಎದೆ ತುಂಬಿ ಬಂದಿತ್ತು. ಹನ್ನೆರಡಕ್ಕೆ ಫೋಟೋ ತೆಗೆಯುತ್ತಾರೆ, ಇವತ್ತೇ ಚೀಟಿ ಮೇಲಿರಬೇಕು, ಅತ್ತೆ ಫೋನ್ ಇಟ್ಟು ತಿರುಗಿದಾಗ ಅದನ್ನು ನೋಡಬೇಕು ಎನಿಸಿತು. ಸ್ಟೂಲ್ ಎಳೆದುಕೊಂಡು ಹತ್ತಿ, ಚೀಟಿಯನ್ನು ನಡುವಿನ ಸಾಲಿನಿಂದ ತೆಗೆದೆ. ಅದರ ತೂತು ಹಳೆಯದಾಗಿ ಹರಿದಿತ್ತು. ಮೇಲಿನ ಮೊಳೆಗೆ ಸಿಕ್ಕಿಸಿದರೆ ಜಾರುತ್ತಿತ್ತು.

"ಮರೀ, ಬಾ ಬೇಗ! ಅಪ್ಪ ಕೇಳ್ತಿದಾನೆ!"

"ಬಂದೆ ಅತ್ತೆ" ಎಂದೆ. ಇನ್ನೊಂದು ಸಲ ಸಿಕ್ಕಿಸಿದೆ. ನಿಂತಿತು. ಇಳಿದು ಮೇಜಿನ ಹತ್ತಿರ ಬರುವಷ್ಟರಲ್ಲಿ ಅತ್ತೆ ರಿಸೀವರನ್ನು ನನ್ನ ಕಿವಿಗೆ ಹಿಡಿದರು. ಟೂಂ ಟೂಂ ಎನ್ನುತ್ತಿತ್ತು. ಕರೆ ಮುಗಿದಿತ್ತು.

ಅತ್ತೆ ಹಲಗೆಯ ಕಡೆ ನೋಡಲೇ ಇಲ್ಲ. ಮುಖ ತೊಳೆಯಲು ಹೋದವರು ತುಂಬ ಹೊತ್ತು ಬರಲಿಲ್ಲ. ಸಂತೋಷಕ್ಕೆ ಅಳುತ್ತಿರಬೇಕೆಂದು ನಾವೆಲ್ಲ ಅಂದುಕೊಂಡೆವು. ಪುಟದಣ್ಣ ಫೋಟೋ ತೆಗೆದ. ಅತ್ತೆ ತಲೆನೋವು ಎಂದು ಬೇಗ ಮನೆಗೆ ಹೊರಟರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೊನೆಯ ಪುಟ ಅವರು ನೋಡದೆಯೇ ಅಚ್ಚಿಗೆ ಹೋಯಿತು.

ಶನಿವಾರ ಬೆಳಿಗ್ಗೆ ಕಾಫಿ ಲೋಟದ ಪಕ್ಕ ಪತ್ರಿಕೆ ಬಿಚ್ಚಿದ ಅತ್ತೆ ಕೊನೆಯ ಪುಟದ ಫೋಟೋದ ಮೇಲೆ ಬೆರಳಿಟ್ಟರು.

"ಇದನ್ನ ಯಾರು ಮೇಲೆ ಹಾಕಿದ್ದು?"

"ನಾನು."

"ಹಿಂದೆ ಏನು ಬರೆದೆ?"

ಏನೂ ಬರೆದಿರಲಿಲ್ಲ. ಸಹಿ ಇಲ್ಲದ ಚೀಟಿಯನ್ನು ಮೇಲಿನ ಸಾಲಿಗೆ ಹಾಕಿದ್ದೆ. ಆ ಹಲಗೆಯ ಇಡೀ ಆಯುಸ್ಸಿನಲ್ಲಿ ಯಾರೂ ಮಾಡದ ತಪ್ಪು.

"ಅಪ್ಪನ ಹತ್ರ ಮಾತಾಡೋಕೆ ಬಾ ಅಂದಾಗ ನೀನು ಇದನ್ನ ಮಾಡ್ತಿದ್ದೆಯಾ?"

"ಹೂಂ."

ಅತ್ತೆ ನನ್ನ ತಲೆಯ ಮೇಲೆ ಕೈ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ಅವನು ಠಾಣೇಲಿ ಇರ್ಲಿಲ್ಲ ಕಣೇ" ಎಂದರು ಆಮೇಲೆ. "ಚೆನ್ನಾಗಿದೀನಿ, ಫೋನ್ ಬಂತು, ಕೋಣೆ ಬೆಚ್ಚಗಿದೆ ಅಂತ ಯಾರೋ ಬರೆದುಕೊಟ್ಟಿದ್ದನ್ನ ಓದ್ದಂಗೆ ಓದ್ದ. ಹಿಂದೆ ಒಂದು ಮಗು ಅಳ್ತಿತ್ತು. ಆಮೇಲೆ ಬಸ್ ಹಿಂದಕ್ಕೆ ತಗೊಳ್ತಿದ್ರು, 'ಬರ್ಲಿ, ಬರ್ಲಿ, ಸಾಕು' ಅಂತ ಕೂಗಿದ್ದು ನನಗೆ ಚೆನ್ನಾಗಿ ಕೇಳಿಸ್ತು. ಬುಡದ ಪಟ್ಟಣಕ್ಕೆ ಇಳಿಸಿ ಮಾತಾಡಿಸಿದಾರೆ."

"ನಿನ್ನೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಒಂದು ದಿನ ನಂಬ್ಕೊಂಡಿರೋಣ ಅನ್ನಿಸ್ತು."

ಸೋಮವಾರ ನಾವು ಕಚೇರಿಗೆ ಹೋದಾಗ ನಗುಮುಖ ಆಗಲೇ ಬಂದು ಸಂಪಾದಕರ ಎದುರು ಕೂತಿದ್ದರು. ಮೇಜಿನ ಮೇಲೆ ಶನಿವಾರದ ಪತ್ರಿಕೆ.

"ಬನ್ನಿ ಮೇಡಂ! ನಿಮ್ಮ ನಿಯಮ ನನಗೂ ಗೊತ್ತು. ಚೀಟಿ ಹಿಂದೆ ಒಂದು ಸಾಲು, ಒಂದು ಸಹಿ ಹಾಕಿಬಿಡಿ. ಮಾತಾಡಿದ್ದು ನೀವೇ, ನಿಮಗಿಂತ ಸಾಕ್ಷಿ ಬೇಕಾ?"

"ಮಾತಾಡಿದ್ದು ಹೌದು ಸಾರ್. ಹನ್ನೊಂದನೇ ಠಾಣೇಲಿ ಮಗು ಯಾರದ್ದು?"

"ಮಗು?"

"ಅಳ್ತಿತ್ತು. ಅದು ಹೋಗ್ಲಿ, ಹೇಸರಗತ್ತೆ ಹತ್ತೋ ದಾರೀಲಿ ಬಸ್ ಹೆಂಗೆ ಹತ್ತಿಸಿದ್ರಿ?"

ಪುಟದಣ್ಣ ಕೆಮ್ಮಿದಂತೆ ಮಾಡಿ ನಗು ನುಂಗಿದ. ನಗುಮುಖರ ನಗು ತುಟಿಯ ಮೇಲೆ ಹಾಗೇ ಇತ್ತು, ಕಣ್ಣಿನಲ್ಲಿ ಮಾತ್ರ ಇರಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಮೆಲ್ಲಗೆ ಹೇಳಿದರು.

"ನೋಡಿ, ಮುಚ್ಚುಮರೆ ಬೇಡ. ಕಂಬ ಎಲ್ಲ ಬಂದು ಬಿದ್ದಿವೆ. ಹಿಮ ಕರಗಿದ ತಕ್ಷಣ ಹಾಕ್ತಾರೆ. ಆಗೇ ಆಗೋ ಕೆಲಸ. ಆರು ತಿಂಗಳು ಮುಂಚೆ ಆಗಿದೆ ಅಂದ್ರೆ ಆಕಾಶ ಬೀಳುತ್ತಾ? ಪ್ರತಿ ತಿಂಗಳು ಮೊದಲ ಶುಕ್ರವಾರ ನಿಮ್ಮ ತಮ್ಮನ್ನ ಕೆಳಗೆ ಕರೆಸಿ ಮಾತಾಡಿಸ್ತೀವಿ. ಇದು ನನ್ನ ಮಾತು."

"ನನ್ನ ತಮ್ಮನ್ನ ಒಬ್ಬನ್ನೇನಾ?"

"ನಿಮ್ಮ ತಮ್ಮನ್ನ."

"ಅಲ್ಲಿ ಹದಿನಾರು ಜನ ಇದಾರೆ ಸಾರ್."

ನಗುಮುಖ ಮೇಜಿನ ಮೇಲಿದ್ದ ಪತ್ರಿಕೆಯನ್ನು ಮಡಿಸಿದರು. "ನೀವು ಸಹಿ ಮಾಡದಿದ್ರೆ ಈ ಕರೆ ಮತ್ತೆ ಬರಲ್ಲ, ಅಷ್ಟೇ ನನ್ನ ಕೈಲಿ ಹೇಳೋಕಾಗೋದು" ಎಂದರು.

ಸಂಪಾದಕರು ಕನ್ನಡಕ ತೆಗೆದರು. "ನಿನಗೆ ಬಿಟ್ಟಿದ್ದಮ್ಮ. ನೀನು ಬರೆದದ್ದನ್ನ ನಾನು ಹಿಂದೆ ತಿರುಗಿಸಿ ನೋಡಲ್ಲ."

ಅತ್ತೆ ನನ್ನ ಕಡೆ ತಿರುಗಿದರು. "ಅಪ್ಪ ನಿನಗೂ ಅಪ್ಪಾನೇ. ನೀನೇನಂತೀಯಾ ಮರಿ?"

ಸಹಿ ಮಾಡಿ ಅತ್ತೆ ಎನ್ನುವ ಮಾತು ನನ್ನ ಬಾಯಿಗೇ ಬಂದಿತ್ತು. ಇದನ್ನು ಸುಳ್ಳು ಹೇಳದೆ ಬರೆಯಬೇಕು. ತಿಂಗಳಿಗೊಂದು ಸಲ ಅಪ್ಪನ ಧ್ವನಿ, ಈ ಸಲ ನಾನು ಸ್ಟೂಲ್ ಮೇಲೆ ಇರುವುದಿಲ್ಲ. ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಶಾಲೆಯಲ್ಲಿ ಆಗುತ್ತಿದ್ದಂತೆ ಗಂಟಲು ಕಟ್ಟಿತು. ಹೌದು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಕಾದರು. ಆ ಹೊತ್ತಿನಲ್ಲಿ ಅವರು ಎಷ್ಟು ಒಂಟಿಯಾಗಿ ಕಂಡರು ಎಂದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

"ಸ್ಟೂಲ್ ಹಿಡ್ಕೋ" ಎಂದರು.

ಮೊಣಕಾಲು ನೋವಿದ್ದರೂ ತಾವೇ ಹತ್ತಿದರು. ಚೀಟಿ ತೆಗೆದುಕೊಂಡು ಇಳಿದು, ಹಿಂದೆ ಬರೆದರು: 'ಶುಕ್ರವಾರ ಹನ್ನೊಂದೂವರೆಗೆ ಕರೆ ಬಂತು. ಮಗು ಅಳುವುದು, ಬಸ್ಸಿನ ಸದ್ದು ಕೇಳಿಸಿತು. ಠಾಣೆಯಿಂದ ಬಂದ ಕರೆಯಲ್ಲ. ಕಂಬಗಳು ಪಟ್ಟಣದಲ್ಲಿವೆ.' ಸಹಿ ಮಾಡಿ, ಹರಿದ ತೂತಿಗೆ ಕಾಗದ ಅಂಟಿಸಿ ಹೊಸ ತೂತು ಮಾಡಿ, ನಡುವಿನ ಸಾಲಿನ ಅದೇ ಮೊಳೆಗೆ ಹಾಕಿದರು. ಹಲಗೆ ಶುರುವಾದಂದಿನಿಂದ ಒಂದು ಚೀಟಿ ಕೆಳಗೆ ಇಳಿದದ್ದು ಅದೇ ಮೊದಲು.

ಮುಂದಿನ ಶನಿವಾರ ತಿದ್ದುಪಡಿ ಅಚ್ಚಾಯಿತು. ತಪ್ಪು ಮಾಡಿದವರ ಹೆಸರನ್ನು ಅತ್ತೆ ಹಾಕಲಿಲ್ಲ. 'ಪ್ರೂಫ್ ನೋಡದೆ ಬಿಟ್ಟದ್ದು ನನ್ನ ತಪ್ಪು' ಎಂದು ತಮ್ಮ ಮೇಲೆ ಹಾಕಿಕೊಂಡರು. ಅದಕ್ಕಾಗಿಯೇ ನಾನು ಇಲ್ಲಿ ಬರೆಯುತ್ತಿದ್ದೇನೆ: ಆ ಚೀಟಿ ಮೇಲೆ ಹಾಕಿದವಳು ನಾನು.

ಕೆಳಗಿನ ಅಂಗಡಿಯವರು ಮೊಳೆ ತೂಗುತ್ತಾ, ನಾವು ಮೆಟ್ಟಿಲು ಹತ್ತುವಾಗ ಕೇಳಿಸುವ ಹಾಗೆ, "ತಮ್ಮನ ಫೋನೇ ಬೇಡ ಅಂದ ಅಕ್ಕ ಬಂದ್ರು" ಎಂದರು. ಅತ್ತೆ ನಿಂತು, "ನಿಮ್ಮ ತಕ್ಕಡಿ ಸ್ವಲ್ಪ ಎಡಕ್ಕೆ ವಾಲುತ್ತೆ ನೋಡ್ಕೊಳ್ಳಿ" ಎಂದು ಹೇಳಿ ಹತ್ತಿದರು. ಮೇಲೆ ಬಂದ ಮೇಲೆ ಮಾತ್ರ ಒಂದೇ ಪ್ರೂಫನ್ನು ಮೂರು ಸಲ ಓದಿದರು.

ತಿಂಗಳ ಮೊದಲ ಶುಕ್ರವಾರ ಬಂತು. ಹನ್ನೊಂದೂವರೆಗೆ ಅತ್ತೆ ಮುಂದಿನ ಕೋಣೆಗೆ ಬಂದು ನೀರು ಕುಡಿದರು. ಫೋನಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಮತ್ತೊಂದು ಲೋಟ ನೀರು ಕುಡಿದರು. ಆಮೇಲೆ ಕಿಟಕಿಯ ಹತ್ತಿರ ತಮ್ಮ ಜಾಗಕ್ಕೆ ಹೋದರು. ಕೇಳಬೇಕಾದ್ದರ ಪಟ್ಟಿ ಇನ್ನೂ ಕೈಚೀಲದಲ್ಲೇ ಇದೆ. ಅಂದು ಕರೆ ಬಂದಿದ್ದ ನಾಲ್ಕು ನಿಮಿಷದಲ್ಲಿ ಅದರಲ್ಲಿನ ಒಂದು ಸಾಲನ್ನೂ ಅವರು ಕೇಳಿರಲಿಲ್ಲ.

ಆ ಕರೆಯಾಗಿ ಏಳು ವಾರದ ಮೇಲೆ, ಹಿಮದಿಂದ ತಡವಾಗಿ, ಅಪ್ಪನ ಪತ್ರ ಬಂತು. ಅಲ್ಲಿಂದ ಬರುವ ಪತ್ರಗಳನ್ನು ಮೇಲಿನವರು ಓದಿಯೇ ಕಳಿಸುತ್ತಾರೆ, ಹಾಗಾಗಿ ಕರೆ ಎಲ್ಲಿಂದ ಮಾಡಿದನೆಂಬ ಸುದ್ದಿ ಎಲ್ಲೂ ಇರಲಿಲ್ಲ. ಹವೆ, ಊಟ, ಹೊಸ ಹೇಸರಗತ್ತೆಯ ತುಂಟತನ. ನಡುವೆ ಒಂದು ಸಾಲು: 'ಅಕ್ಕಾ, ಇಲ್ಲಿ ಈಗಲೂ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ.' ಅತ್ತೆ ಅದನ್ನು ಓದಿ ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡರು. ಈ ಸಾಲನ್ನು ಬರೆಯಬಹುದೇ, ಅಪ್ಪನಿಗೆ ತೊಂದರೆಯಾಗುವುದೇ ಎಂದು ಅವರನ್ನು ಕೇಳಿದ್ದೇನೆ. "ಬೆಟ್ಟದ ಮೇಲೆ ಗಾಳಿ ಬೀಸುತ್ತೆ ಅಂದ್ರೆ ಯಾರ ಮೇಲೆ ಕೇಸ್ ಹಾಕ್ತಾರೆ? ಬರಿ" ಎಂದರು.

ಪತ್ರದ ಕೊನೆಯಲ್ಲಿ ನನಗೂ ಒಂದು ಸಾಲಿತ್ತು: 'ಮರಿ ಯಾಕೆ ಮಾತಾಡಲಿಲ್ಲ, ಅಪ್ಪನ ಮೇಲೆ ಕೋಪವೇ?' ಅದಕ್ಕೆ ಉತ್ತರ ಬರೆಯಲು ನನಗೆ ಇನ್ನೂ ಆಗಿಲ್ಲ. ಮೂರು ಸಲ ಶುರು ಮಾಡಿ ಹರಿದಿದ್ದೇನೆ.

ಈಗ ಹಿಮ ಕರಗುತ್ತಿದೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಕಂಬಗಳು ಮೇಲೆ ಹೋದವೋ ಇಲ್ಲವೋ ಯಾರಿಗೂ ತಿಳಿಯದು. ಅತ್ತೆಯ ಬಲಗಣ್ಣಿಗೆ ಪೊರೆ ಬಂದಿದೆ. ನಾಡಿದ್ದು ಆಪರೇಷನ್. ಹದಿನೈದು ದಿನ ಕಚೇರಿಗೆ ಹೋಗಬಾರದು ಎಂದಿದ್ದಾರೆ ಡಾಕ್ಟರು. ನಿನ್ನೆ ಅತ್ತೆ ಸೋಮವಾರದ ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟರು.

"ಪುಟದಣ್ಣ ಮಾಡ್ಲಿ ಅತ್ತೆ" ಎಂದೆ.

"ಅವನು ತಮಾಷೆ ಮಾಡ್ತಾ ಕೂರ್ತಾನೆ, ಕೇಳೋದು ಮರೀತಾನೆ. ಒಂದೇ ಪ್ರಶ್ನೆ ಕಣೇ. ಗಂಟಲು ಕಟ್ಟಿದ್ರೆ ಕಟ್ಲಿ, ಬಿಡೋವರೆಗೂ ಲೈನಲ್ಲಿ ಇರು. ಅವರು ಕಾಯ್ಲಿ, ನಾವು ಮೂರು ವರ್ಷ ಕಾದಿಲ್ವಾ?"

ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮೂರನೇ ಕುರ್ಚಿಯ ಎದುರು ಕೂತು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೇನೆ. ಅತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಾರೆ, ತಿದ್ದುವುದಿಲ್ಲ.

ಭಾನುವಾರ ಅಪ್ಪನಿಗೆ ಪತ್ರ ಬರೆಯುತ್ತೇನೆ. ನಾನು ಆಗ ಸ್ಟೂಲ್ ಮೇಲೆ ಇದ್ದೆ ಎಂದು ಬರೆಯುತ್ತೇನೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಸದರ ಕಚೇರಿಗೆ ಫೋನ್ ಮಾಡಿ, ಹನ್ನೊಂದನೇ ಠಾಣೆಯ ಫೋನು ಎಲ್ಲಿಗೆ ಬಂತು ಎಂದು ಕೇಳುತ್ತೇನೆ.